ಹಗ್ಗ ಹಿಡಿದವಳು ಚಲಪತಿಗೆ ಹೇಳಿದ್ದು

ಮಿಷನ್ ಆಫ್ ಮಾಡು ಚಲಪತಿ, ಮೊದಲು ಟೀ ಕುಡಿ.
ಮರ ಎಲ್ಲಿಗೂ ಓಡಿಹೋಗಲ್ಲ.
ಎಪ್ಪತ್ತು ವರ್ಷ ರೋಣೂರಿನ ಈ ಕೆಮ್ಮಣ್ಣಲ್ಲಿ ನಿಂತ ರಸಪುರಿ
ಇನ್ನು ಹತ್ತು ನಿಮಿಷ ನಿಲ್ಲುತ್ತೆ.

ಓಡಬೇಕಾದವನು ನೀನು.
ಎಲ್ಲಿಗೆ ಅಂತ ನೋಡಿಟ್ಟುಕೊಂಡಿದ್ದೀಯಾ?

ನೇರ ಹಿಂದಕ್ಕಲ್ಲ.
ಬಿದ್ದ ಮರ ಒಮ್ಮೊಮ್ಮೆ ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತೆ.
ಓರೆಯಾಗಿ, ಆ ಹುತ್ತದ ಕಡೆಗೆ.
ನಡುವಿನ ಲಾಂಟಾನ ಸವರಿಬಿಡು,
ಪೆಟ್ರೋಲ್ ಕ್ಯಾನು ಆಚೆ ಇಡು, ಡ್ರಿಪ್ ಪೈಪು ಸುತ್ತಿಡು.
ಸತ್ತವರೆಲ್ಲ ಮರಕ್ಕೆ ಸಿಕ್ಕಿ ಸತ್ತವರಲ್ಲ,
ಇಂಥ ಪೈಪಿಗೆ ಕಾಲು ಸಿಕ್ಕಿದವರೂ ಇದ್ದಾರೆ.

ನಾನು ಹಗ್ಗ ಹಿಡಿದು ಹತ್ತೊಂಬತ್ತು ವರ್ಷ.
ಗರಗಸ ದಸ್ತಗೀರ್ ಮೇಸ್ತ್ರಿಯದು,
ಹಗ್ಗದ ತುದಿ ನನ್ನದು,
ಮರದ ಎರಡು ಎತ್ತರದಷ್ಟು ದೂರದಲ್ಲಿ.
ಬೆರಳು ನೋಡು, ಗೆರೆಯೇ ಇಲ್ಲ.
ಆಧಾರ್ ಸೆಂಟರಿನ ಹುಡುಗಿ
ನಾಲ್ಕು ಸಲ ಒರೆಸಿ ಒರೆಸಿ ಸೋತಳು.
ಆದರೆ ಒಳಗೆ ನಾರು ಹರಿಯುವುದು
ಈ ಅಂಗೈಗೆ ಗೊತ್ತಾಗುತ್ತೆ,
ನಿನ್ನ ಕಿವಿಗಿಂತ ಒಂದುಸಿರು ಮೊದಲು.

ತಲೆ ಎತ್ತು.
ತೋಟದವರು ಹೂವು ನೋಡುತ್ತಾರೆ,
ವ್ಯಾಪಾರಿ ಅಡಿ ಲೆಕ್ಕ ನೋಡುತ್ತಾನೆ,
ಕಡಿಯುವವನು ಒಣಗಿದ್ದನ್ನು ನೋಡಬೇಕು.
ಅಗೋ, ಬಂದಳಿಕೆ ಹಿಡಿದು ಸತ್ತ ತೋಳು.
ಅದಕ್ಕೆ ಗಾಳಿಯೂ ಬೇಡ, ಮಿಷನ್ನಿನ ನಡುಕ ಸಾಕು.
ಮೊದಲು ಅದನ್ನು ಇಳಿಸು.
ಕೊಡಲಿ ತಿರುವಿ ಬುಡಕ್ಕೆ ಬಡಿ.
ಟಣ್ ಅಂದರೆ ಗಟ್ಟಿ.
ಡೊಬ್ ಅಂದರೆ ಒಳಗೆ ಗೆದ್ದಲು ಸಂಸಾರ ಹೂಡಿದೆ,
ಅಂಥ ಮರ ಕೊಟ್ಟ ಮಾತಿಗೆ ನಿಲ್ಲಲ್ಲ.

ಬೀಳಬೇಕಾದ ಕಡೆ ಬಾಯಿ ತೆಗಿ, ಕಾಲುಭಾಗ ಸಾಕು.
ಆಮೇಲೆ ಹಿಂದಿನಿಂದ ಬಾ, ಎರಡು ಬೆರಳು ಮೇಲೆ.
ಪೂರ್ತಿ ಕೊಯ್ಯಬೇಡ.
ಕೇಳಿಸಿತಾ? ಪೂರ್ತಿ ಬೇಡ.
ನಡುವೆ ಒಂದು ಪಟ್ಟಿ ಉಳಿಸು, ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ.
ಅದಿದ್ದರೆ ಮರ ಬಾಗಿಲಿನ ಹಾಗೆ ಹಾಕಿಕೊಳ್ಳುತ್ತೆ,
ಇಲ್ಲದಿದ್ದರೆ ಕುಡುಕನ ಹಾಗೆ, ಯಾವ ಕಡೆಗೋ.

ಲೈನ್‌ಮನ್ ಏನಂದ?
ತೆಗೆದಿದ್ದೀನಿ ಅಂದನಾ, ತೆಗೀತೀನಿ ಅಂದನಾ?
ಇನ್ನೊಂದು ಸಲ ಫೋನ್ ಮಾಡು.

ಮಾಲೂರಿನ ನೀಲಗಿರಿ ತೋಪಿನಲ್ಲಿ ಅವತ್ತು
ಲಾರಿ ಆಗಲೇ ಬಂದು ನಿಂತಿತ್ತು.
ಡ್ರೈವರ್ ಎರಡು ಸಲ ಹಾರನ್ ಹೊಡೆದ.
ಕಡೆಯ ಮರ ಪೂರ್ತಿ ಬೀಳದೆ
ಪಕ್ಕದ್ದರ ಹೆಗಲಿಗೆ ಒರಗಿಕೊಂಡಿತು,
ಬಸ್ಸಿನಲ್ಲಿ ನಿದ್ದೆ ಹೋದ ಮುದುಕನ ಹಾಗೆ.
ಅಂಥದರ ಕೆಳಗೆ ಕಾಲಿಡಬಾರದು.
ಬುಡಕ್ಕೆ ಹಗ್ಗ ಬಿಗಿದು ದೂರದಿಂದ ಎಳೆಯಬೇಕು.
ಇದನ್ನು ನನಗೆ ಕಲಿಸಿದವರೇ ಮೇಸ್ತ್ರಿ.
ಟ್ರಾಕ್ಟರ್ ಟೇಕಲ್‌ನಿಂದ ಬರಬೇಕಿತ್ತು.
ಮೂರನೇ ಹಾರನ್.
ಮೇಸ್ತ್ರಿ ಹೋಗಿ
ಒರಗಿಸಿಕೊಂಡ ಮರವನ್ನೇ ಕೊಯ್ದರು.

ಬದುಕಿದ್ದಾರೆ.
ಎಡಗಾಲು ಬೇರೆ ಯಾರದೋ ಹಾಗೆ ತಿರುಗಿಕೊಂಡಿದೆ.
ಶ್ರೀನಿವಾಸಪುರದ ಮಂಡಿಯಲ್ಲಿ
ಮಾವಿನ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಾರೆ,
ಕೂತಲ್ಲೇ.
ಹಲಗೆ ಮೂಸಿ ಹೇಳುತ್ತಾರೆ,
ಇದು ಹಸಿ ಇರುವಾಗಲೇ ಸೀಳಿದ್ದು ಅಂತ.

ಎಲ್ಲರೂ ಹಾರನ್ನಿನ ಕಥೆ ಹೇಳುತ್ತಾರೆ.
ನಾನೂ ಅದನ್ನೇ ಹೇಳುತ್ತಾ ಬಂದೆ.
ಹಗ್ಗ ಎಲ್ಲಿತ್ತು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ.
ಲಾರಿಯೊಳಗಿತ್ತು ಕಣೋ.
ಇದೊಂದೇ ತಾನೇ ಉಳಿದಿದ್ದು, ಸಣ್ಣ ಮರ, ಅಂತ
ನಾನೇ ಸುತ್ತಿ, ಗಂಟು ಹಾಕಿ,
ಸೀಟಿನ ಕೆಳಗೆ ತಳ್ಳಿದ್ದೆ.

ಲೋಟ ಇಲ್ಲಿ ಕೊಡು.
ಹೆಲ್ಮೆಟ್ ಹಾಕು, ಬಿಸಿಲಿದ್ದರೆ ಇರಲಿ.
ನಾನು ಕೂಗಿದರೆ ಆ ಸದ್ದಿನಲ್ಲಿ ನಿನಗೆ ಕೇಳಲ್ಲ.
ಅದಕ್ಕೆ ಒಂದು ಕಣ್ಣು ಮೇಲಿರಲಿ.
ಕೊಂಬೆ ಎರಡು ಸಲ ಜಗ್ಗಿದ ಹಾಗೆ ಅಲುಗಿದರೆ
ಅದು ಗಾಳಿಯಲ್ಲ,
ನಾನು.
ಮಿಷನ್ನಿಗೆ ಇನ್ನೂ ಏಳು ಕಂತು ಬಾಕಿ ಅಂತ ಯೋಚಿಸಬೇಡ.
ಅಲ್ಲೇ ಬಿಸಾಕು.
ಹುತ್ತದ ಕಡೆಗೆ ಬಾ.